ಹಳೆಯ ಎಸಿಗೆ ಹಾರ್ಡ್ ಸ್ಟಾರ್ಟ್ ಕಿಟ್ ಹಾಕಿಸಬೇಕೇ?

ಪರ

ಮೇ ತಿಂಗಳ ಕಲಬುರಗಿಯ ಮಧ್ಯಾಹ್ನ. ಪ್ಲಗ್ಗಿನಲ್ಲಿ 230 ವೋಲ್ಟ್ ಇರಬೇಕಾದಲ್ಲಿ 185 ಬರುತ್ತಿದೆ ಎನ್ನಿ. ಹಳೆಯ ಒಂದೂವರೆ ಟನ್ನಿನ ಎಸಿಯ ಕಂಪ್ರೆಸರ್ ಗುಂಯ್‌ಗುಡುತ್ತದೆ, ತಿರುಗಲಾರದೆ ಓವರ್‌ಲೋಡ್‌ನಲ್ಲಿ ಕಟ್ಟಾಗುತ್ತದೆ. ಮೋಟಾರನ್ನು ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 185 ವೋಲ್ಟಿಗೆ ಮೂರನೇ ಒಂದು ಪಾಲಿನಷ್ಟು ಬಲ ಖೋತಾ. ನಿಂತಲ್ಲೇ ನಿಂತ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ; ವೈಂಡಿಂಗ್ ಬೇಯುವುದು ಆಗಲೇ.

ಕಿಟ್ಟಿನಲ್ಲಿರುವುದು ದೊಡ್ಡದೊಂದು ಸ್ಟಾರ್ಟ್ ಕೆಪಾಸಿಟರ್, ಜೊತೆಗೆ ರಿಲೇ. ಆರಂಭದ ಆ ಗಳಿಗೆಯಲ್ಲಿ ಸ್ಟಾರ್ಟ್ ವೈಂಡಿಂಗ್‌ಗೆ ಹೆಚ್ಚು ಕರೆಂಟು ಕೊಟ್ಟು, ಮೋಟಾರು ವೇಗ ಹಿಡಿದೊಡನೆ ಕಳಚಿಕೊಳ್ಳುತ್ತದೆ. ಜನರೇಟರಿನ ಮೇಲೆ ಎಸಿ ಓಡಿಸುವವರಿಗೂ ಇದು ಆಸರೆ. ಕೆಲವು ಮಾದರಿಗಳಿಗೆ ತಯಾರಕರೇ ಇದನ್ನು ಸೂಚಿಸುತ್ತಾರೆ. ಹೊಸ ಕಂಪ್ರೆಸರ್, ಗ್ಯಾಸು, ಕೂಲಿ ಎಲ್ಲ ಕೂಡಿಸಿದ ಬಿಲ್ಲಿನ ಮುಂದೆ ಕಿಟ್ಟಿನ ಬೆಲೆ ಏನೇನೂ ಅಲ್ಲ.

ವಿರೋಧ

ಕಿಟ್ ಕೆಲಸ ಮಾಡುವುದಿಲ್ಲ ಎಂದು ಯಾರು ಹೇಳಿದರು? ಮಾಡುತ್ತದೆ, ತೊಂದರೆಯೇ ಅದು. ಕಂಪ್ರೆಸರ್ ಓಡಿತು, ಮೆಕ್ಯಾನಿಕ್ ದುಡ್ಡು ತೆಗೆದುಕೊಂಡು ಹೊರಟರು. ಇಷ್ಟು ದಿನ ಓಡಿದ್ದು ಇವತ್ತೇಕೆ ಓಡಲಿಲ್ಲ ಎಂದು ಕೇಳಿದವರಿಲ್ಲ.

ಮೊದಲು ನೋಡಬೇಕಾದ್ದು ಎಸಿಯಲ್ಲೇ ಇರುವ ರನ್ ಕೆಪಾಸಿಟರ್. ಮೈಮೇಲೆ 45 ಮೈಕ್ರೋಫ್ಯಾರಡ್ ಎಂದಿದ್ದು ಮೀಟರು 30 ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ವೈರು. ವೋಲ್ಟೇಜನ್ನು ಎಸಿ ಸುಮ್ಮನಿರುವಾಗ ಅಳೆದು ಪ್ರಯೋಜನವಿಲ್ಲ, ಕಂಪ್ರೆಸರ್ ಏಳಲು ಹೆಣಗುವಾಗ ಅದರ ಟರ್ಮಿನಲ್ಲಿನಲ್ಲೇ ಅಳೆಯಬೇಕು. ಸಣ್ಣ ವೈರು, ಸಡಿಲ ಸ್ಕ್ರೂ ಆಗ ಬಯಲಾಗುತ್ತವೆ. ಕರೆಂಟು ಹೋಗಿ ತಕ್ಷಣ ಬಂದಾಗ ಮಾತ್ರ ತಕರಾರಾದರೆ ಇನ್ನೂ ಸುಲಭ: ಒಳಗಿನ ಒತ್ತಡ ಸರಿದೂಗಲು ಮೂರು ನಿಮಿಷ ಕೊಡುವ ಟೈಮ್ ಡಿಲೇ ಇದ್ದರೆ ಸಾಕು.

ಇನ್ನು ರಿಲೇ ಇಲ್ಲದ, ಎರಡು ವೈರಿನ ಅಗ್ಗದ ಕಿಟ್ಟು. ಮೋಟಾರು ತಿರುಗಿತೋ ಇಲ್ಲವೋ ಅದಕ್ಕೆ ತಿಳಿಯದು. ತಾನು ಬಿಸಿಯಾದಾಗ ಕೆಪಾಸಿಟರನ್ನು ಬಿಡುತ್ತದೆ, ಅಷ್ಟೇ. ತಣ್ಣಗಾಗುವ ಮೊದಲೇ ಕರೆಂಟು ಬಂದರೆ ನಿಷ್ಪ್ರಯೋಜಕ. ಸಹಾಯ ಬೇಕಾಗುವುದು ಸರಿಯಾಗಿ ಆಗಲೇ ಅಲ್ಲವೇ! ರಿಲೇ ಇರುವ ಕಿಟ್ಟಿಗೆ ಬೇರೆ ಅಪಾಯ: ಕಾಂಟ್ಯಾಕ್ಟ್ ಅಂಟಿಕೊಂಡರೆ ಸ್ಟಾರ್ಟ್ ಕೆಪಾಸಿಟರ್ ಲೈನಿನಲ್ಲೇ ಉಳಿದು ತಾನೂ ಒಡೆಯುತ್ತದೆ, ವೈಂಡಿಂಗನ್ನೂ ಸುಡುತ್ತದೆ.

ಕರೆಂಟು ಬಿಲ್ಲು ಇಳಿಯುತ್ತದೆ ಎಂಬುದು ಮಾರುವವರ ಮಾತು. ಏಳುವ ಹೊತ್ತು ಕ್ಷಣಾರ್ಧ, ಅಲ್ಲಿ ಉಳಿಯುವುದೇನು? ಇನ್ವರ್ಟರ್ ಎಸಿ ತಾನಾಗಿಯೇ ಮೆಲ್ಲಗೆ ಏಳುತ್ತದೆ, ಅದಕ್ಕೆ ಇದನ್ನು ತಗುಲಿಸಲೇಬಾರದು. ತಯಾರಕರು ಹೇಳಿದ ಅಳತೆಯ ಕೆಪಾಸಿಟರ್, ಮೋಟಾರು ವೇಗ ಹಿಡಿದದ್ದನ್ನು ಅರಿಯುವ ಪೊಟೆನ್ಷಿಯಲ್ ರಿಲೇ ಎರಡೂ ಇದ್ದು, ಮೇಲಿನ ತಪಾಸಣೆ ಮುಗಿದ ಮೇಲೂ ಕಂಪ್ರೆಸರ್ ಏಳದಿದ್ದರೆ ಹಾಕಿಸಿ, ಬೇಡವೆನ್ನುವುದಿಲ್ಲ. ಒಳಗೇ ಬಿಗಿಹಿಡಿದ ಕಂಪ್ರೆಸರಿಗಾದರೆ ಅದು ಒಂದು ಬೇಸಿಗೆ ದಾಟಿಸಿದರೆ ಹೆಚ್ಚು.