ಹೆಡ್ ಬೋಲ್ಟಿನಲ್ಲಿ ಉಳಿತಾಯ, ನಡುರಸ್ತೆಯಲ್ಲಿ ದಿವಾಳಿ!

ಹುನಗುಂದ: ಬೇಸಿಗೆ ಬಂತೆಂದರೆ ಈ ಊರ ಹೆದ್ದಾರಿ ಬದಿಗೆ ಒಂದು ನೋಟ ತಪ್ಪಿದ್ದಲ್ಲ. ಹಬೆ ಬುಸ್ಸೆನ್ನುವ ರೇಡಿಯೇಟರು, ಗಾಲಿಗೆ ಅಡ್ಡ ಕೊಟ್ಟ ಕಲ್ಲು, ಲಾರಿಯ ನೆರಳಿಗೆ ಕೂತ ಕ್ಲೀನರ್ ಹುಡುಗ. ಡ್ರೈವರ್ ಟೋಪಿ ತೆಗೆದು ಬೆವರೊರೆಸಿಕೊಳ್ಳುತ್ತ ಕೇಳುತ್ತಾನೆ: “ಏನಾತ್ರೀ ಮಿಸ್ತ್ರಿ?” ಉತ್ತರ ಮೊದಲೇ ಗೊತ್ತಿದ್ದದ್ದೇ. “ಹೆಡ್ ಗ್ಯಾಸ್ಕೆಟ್ ಹೋಗೇತಿ ನೋಡ್ರಿ.”

ಇದು ಲಾರಿ ಮಾಲಕನ ಹಣೆಬರಹ, ಉಳಿದವರಿಗೇನು ಎಂದು ಸುಮ್ಮನಿರುವಂತಿಲ್ಲ. ಹಿಂದೆ 13, ಈಗ 50 ಎಂಬ ನಂಬರಿನ ರಾಷ್ಟ್ರೀಯ ಹೆದ್ದಾರಿ ವಿಜಯಪುರದಿಂದ ಹುನಗುಂದ, ಇಳಕಲ್ಲ ಹಾದು ಹೊಸಪೇಟೆ, ಚಿತ್ರದುರ್ಗದ ಕಡೆ ಹೋಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು, ಸೀರೆ ಗಂಟು, ಕಿರಾಣಿ ಚೀಲ, ಸಿಮೆಂಟು ಎಲ್ಲ ಲಾರಿಯ ಬೆನ್ನೇರಿಯೇ ಬರಬೇಕು, ಹೋಗಬೇಕು. ಒಂದು ಲಾರಿ ನಿಂತರೆ ಅಂಗಡಿಕಾರನ ಮಾಲು ಎರಡು ದಿನ ತಡ. ಅಮೀನಗಡದ ಕಡೆಯ ರಸ್ತೆಯಲ್ಲಿ ಅಡ್ಡ ನಿಂತರಂತೂ ಹಿಂದಿನ ಬಸ್ಸಿನಲ್ಲಿ ಕೂತವರ ಕಚೇರಿ, ಕೋರ್ಟು, ಆಸ್ಪತ್ರೆ ಎಲ್ಲ ತಪ್ಪಿತು.

ಅರವತ್ತು ಚೀಲ ಜೋಳದ ಭಾರ

ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂಡುವ ತೆಳ್ಳನೆಯ ತಗಡು. ಒಳಗಿನ ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದಕ್ಕೊಂದು ಕೂಡದಂತೆ ತಡೆಯುವುದು ಅದರ ಕೆಲಸ. ಆದರೆ ತಗಡಿಗೆ ಸ್ವಂತ ಬಲವಿಲ್ಲ. ಅದನ್ನು ಒತ್ತಿ ಹಿಡಿಯುವುದು ಹೆಡ್ ಬೋಲ್ಟುಗಳು.

ಲೆಕ್ಕ ಹಾಕಿ ನೋಡಬಹುದು. ಸಿಲಿಂಡರಿನ ಅಗಲ 10 ಸೆಂಟಿಮೀಟರ್ ಇದ್ದರೆ ಅದರ ಬಾಯಿ ಸುಮಾರು 78 ಚದರ ಸೆಂಟಿಮೀಟರ್. ಡೀಸೆಲ್ ಹೊತ್ತಿಕೊಂಡಾಗ ಚದರ ಸೆಂಟಿಮೀಟರಿಗೆ 80 ಕಿಲೋ ಒತ್ತಡ ಎಂದು ಹಿಡಿದರೂ ಹೆಡ್ಡನ್ನು ಮೇಲಕ್ಕೆ ನೂಕುವ ಬಲ 6 ಟನ್ ದಾಟುತ್ತದೆ. ಅಂದರೆ ಕ್ವಿಂಟಲ್ ತೂಕದ ಜೋಳದ ಚೀಲ ಅರವತ್ತು! ಇದು ಒಂದೇ ಸಿಲಿಂಡರಿನ ಮಾತು. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿ ಈ ಹೊಡೆತ ನಿಮಿಷಕ್ಕೆ ಸಾವಿರ ಸಲ ಬೀಳುತ್ತದೆ. ಟರ್ಬೊ ಇದ್ದರೆ ಹೊಡೆತ ಇನ್ನೂ ಜೋರು. ಅಂಥ ಜಾಗಕ್ಕೆ “ಹಳೇ ಬೋಲ್ಟ ಚಲೋನ ಅದಾವಲ್ಲ, ಹಾಕಿ ಬಿಡೋ ಮಾರಾಯಾ” ಎನ್ನುವ ಮಾಲಕನಿಗೆ ಏನು ಹೇಳುವುದು?

ಪಾಪ ಯಾರದು?

ಗ್ಯಾಸ್ಕೆಟ್ ತಾನಾಗಿ ಸಾಯುವುದು ಕಡಿಮೆ, ಕೊಲ್ಲುವವರೇ ಹೆಚ್ಚು. ಬೋರಿನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿದರೆ ಚಹಾ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಕಿಟ್ಟದಂತೆ ಎಂಜಿನ್ ಒಳಗೂ ಕಿಟ್ಟ ಕಟ್ಟುತ್ತದೆ. ನೀರು ಓಡುವ ದಾರಿ ಸಣ್ಣದಾಗುತ್ತದೆ, ಕಾವು ಏರುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ. ಕಾದ ಎಂಜಿನ್ನಿಗೆ ಗಡಬಡಿಸಿ ತಣ್ಣೀರು ಹೊಯ್ದರೆ ಹೆಡ್ಡು ಬಿರುಕು ಬಿಡುವುದೂ ಉಂಟು. ಒಳ್ಳೆಯ ಕೂಲಂಟು, ಶುದ್ಧ ನೀರು ಹಾಕಿದ ಗಾಡಿಗೆ ಈ ಗಂಡಾಂತರ ಕಡಿಮೆ.

ಮುನ್ಸೂಚನೆಯೂ ಸಿಗುತ್ತದೆ. ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುವುದು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿರುವುದು, ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುವುದು. ಇಷ್ಟು ಕಂಡ ಮೇಲೂ “ಇದೊಂದು ಟ್ರಿಪ್ ಮುಗೀಲಿ” ಎಂದು ಓಡಿಸಿದರೆ ನೀರು ಕೂಡಿದ ಎಣ್ಣೆ ಬೇರಿಂಗನ್ನು ತಿನ್ನುತ್ತದೆ. ಗ್ಯಾಸ್ಕೆಟಿನ ಖರ್ಚಿನಲ್ಲಿ ಮುಗಿಯುವುದು ಕ್ರ್ಯಾಂಕಿನ ತನಕ ಹೋಗುತ್ತದೆ.

ಬೋಲ್ಟಿನ ತಲೆ ಓದಿ!

ಪೇಟೆಯಲ್ಲಿ ಬೋಲ್ಟು ಕೊಳ್ಳುವವರು ಉದ್ದ, ದಪ್ಪ, ಹೊಳಪು ನೋಡುತ್ತಾರೆ. ನೋಡಬೇಕಾದದ್ದು ತಲೆಯ ಮೇಲಿನ ಅಂಕಿ. 8.8 ಎಂದಿದ್ದರೆ ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಎಳೆದಾಗ ಹರಿಯುವ ಉಕ್ಕು. ಚುಕ್ಕೆಯ ಮುಂದಿನ 8ರ ಅರ್ಥ, ಅದರಲ್ಲಿ ಶೇಕಡಾ 80ರ ತನಕ ಎಳೆದರೂ ಬಿಟ್ಟಾಗ ಮೊದಲಿನ ಉದ್ದಕ್ಕೆ ಮರಳುತ್ತದೆ. 10.9 ಎಂದರೆ 1000 ನ್ಯೂಟನ್, ಶೇಕಡಾ 90. ಭಾರತೀಯ ಮಾನಕ ಐಎಸ್ 1367ರಲ್ಲಿ ಇದೆಲ್ಲ ಬರೆದಿಟ್ಟಿದೆ. ತಲೆಯ ಮೇಲೆ ಅಂಕಿಯೂ ಇಲ್ಲ, ಕಂಪನಿಯ ಗುರುತೂ ಇಲ್ಲ ಎಂದರೆ ಅದು ತಂದೆ ತಾಯಿ ಗೊತ್ತಿಲ್ಲದ ಬೋಲ್ಟು. ಗೇಟಿಗೆ ಹಾಕಿ, ಹೆಡ್ಡಿಗೆ ಬೇಡ.

ಹೊಳೆಯುವ ಸ್ಟೇನ್‌ಲೆಸ್ ಬೋಲ್ಟೇ ಗಟ್ಟಿ ಎಂಬ ಭ್ರಮೆಯೂ ಬೇಡ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ಸಿನ ಬಲ 700 ಮಾತ್ರ, 8.8ಕ್ಕಿಂತ ಕಡಿಮೆ. ಹಾಗಂತ 12.9 ತಂದು ಜಡಿದರೆ ಜಾಣತನವೆಂದೂ ಅಲ್ಲ. ಬಹಳ ಗಡಸು ಉಕ್ಕು ಕೆಲವು ಸಂದರ್ಭದಲ್ಲಿ ಹೇಳದೆ ಕೇಳದೆ ಪಟ್ಟನೆ ಮುರಿಯುತ್ತದೆ. ತಯಾರಕರು ಹೇಳಿದ ದರ್ಜೆಯೇ ಸರಿ. ಲೇಥಿನಲ್ಲಿ ಕೊರೆದ ಎಳೆಗಿಂತ ಒತ್ತಿ ಮೂಡಿಸಿದ ಎಳೆ ಹೆಚ್ಚು ಬಾಳಿಕೆಯದು ಎಂಬುದನ್ನೂ ಮರೆಯಬಾರದು.

ಬೋಲ್ಟು ಎಂದರೆ ಗಟ್ಟಿ ಸ್ಪ್ರಿಂಗು. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗಿ, ಮರಳಿ ಕುಗ್ಗಲು ಹವಣಿಸುತ್ತಲೇ ಹೆಡ್ಡನ್ನು ಒತ್ತಿ ಹಿಡಿಯುತ್ತದೆ. ಈಗಿನ ಹಲವು ಎಂಜಿನ್ನುಗಳಲ್ಲಿ ಮೊದಲು ಇಷ್ಟು ಟಾರ್ಕು, ಆಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕೆಂಬ ಬೋಲ್ಟು ಇರುತ್ತವೆ. ಇವುಗಳಲ್ಲಿ ಹಲವನ್ನು ಒಮ್ಮೆ ಬಿಚ್ಚಿದರೆ ಎಸೆಯಬೇಕು. ಮತ್ತೆ ಹಾಕಬಹುದಾದ ಬೋಲ್ಟಿಗೂ ತಯಾರಕರು ಉದ್ದದ ಮಿತಿ ಕೊಟ್ಟಿರುತ್ತಾರೆ. ಅಳೆದು ನೋಡದೆ ಹಾಕುವುದು ಜೂಜು.

ಪಾನಾಕ್ಕೆ ಪೈಪು ಸಿಕ್ಕಿಸುವ ಶೂರರು

ಇನ್ನು ಬಿಗಿಯುವ ರೀತಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಬೇಕು. ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಸೊಟ್ಟ ಇದೆಯೋ ನೋಡಬೇಕು. ಬೋಲ್ಟಿನ ತೂತಿನಲ್ಲಿ ನೀರು, ಎಣ್ಣೆ ಉಳಿದಿದ್ದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು. ನಡುವಿನಿಂದ ಹೊರಕ್ಕೆ, ಪುಸ್ತಕದಲ್ಲಿ ಹೇಳಿದ ಸಾಲಿನಂತೆ, ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಹಳೇ ಮಾದರಿಯವುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ವಿಷ.

“ಇಪ್ಪತ್ತ ವರ್ಷದ ಕೈರೀ ಇದು, ರೆಂಚ್ ಯಾಕ ಬೇಕ?” ಎಂದು ಮಿಸ್ತ್ರಿ ಕೇಳಬಹುದು. ಆ ಕೈಗೆ ನಮಸ್ಕಾರ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಕೈಚಳಕ ಯಾವ ಯಂತ್ರಕ್ಕೂ ಬಾರದು. ಆದರೆ ಬಿಗಿಯುವ ಶ್ರಮವನ್ನು ಒಂದು ರೂಪಾಯಿ ಎಂದುಕೊಂಡರೆ ಬೋಲ್ಟಿನ ತಲೆಯ ಅಡಿಯ ತಿಕ್ಕಾಟ ಸುಮಾರು 50 ಪೈಸೆ ನುಂಗುತ್ತದೆ, ಎಳೆಯ ತಿಕ್ಕಾಟ 40 ಪೈಸೆ. ಹೆಡ್ಡನ್ನು ಒತ್ತಲು ಉಳಿಯುವುದು ಹತ್ತೇ ಪೈಸೆ! ಎಳೆಗೆ ತುಕ್ಕು ಹಿಡಿದಿದ್ದರೆ ಆ ಹತ್ತೂ ಇಲ್ಲ. ಎಣ್ಣೆ ಹೆಚ್ಚಾದರೆ ಹದಿನೈದಾಗಿ ಬೋಲ್ಟೇ ಹರಿದೀತು. ಈ ಐದು ಪೈಸೆಯ ವ್ಯತ್ಯಾಸ ಎಂಥ ಪಳಗಿದ ಕೈಗೂ ತಿಳಿಯದು. ಅದಕ್ಕೇ ಸ್ವಚ್ಛ ಎಳೆ, ಹೇಳಿದಷ್ಟೇ ಎಣ್ಣೆ, ಟಾರ್ಕ್ ರೆಂಚು ಮೂರೂ ಬೇಕು.

ಮಾಡಬೇಕಾದದ್ದೇನು?

ಮಾಲಕರ ಕಷ್ಟ ಸುಳ್ಳಲ್ಲ. ಡೀಸೆಲ್, ಟಯರು, ವಿಮೆ, ಕಂತು ಎಲ್ಲ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಆದರೆ ಬೋಲ್ಟಿನಲ್ಲಿ ಉಳಿಸಿದವನು ಎರಡನೇ ಸಲ ಗ್ಯಾಸ್ಕೆಟ್ಟು, ಎರಡನೇ ಸಲ ಎಣ್ಣೆ, ಎರಡನೇ ಸಲ ಮಜೂರಿ ತೆರುತ್ತಾನೆ. ಗಾಡಿ ನಿಂತ ದಿನಗಳ ಬಾಡಿಗೆ ಖೋತಾ ಬೇರೆ. ಇದು ಯಾವ ಲೆಕ್ಕದ ಉಳಿತಾಯ?

ಬಿಡಿಭಾಗದ ಅಂಗಡಿಯವರು ಅಂಕಿಯಿಲ್ಲದ ಬೋಲ್ಟನ್ನು “ಒರಿಜಿನಲ್” ಎಂದು ಕೊಡುವುದು ಬಿಡಲಿ, ಕೊಟ್ಟದ್ದಕ್ಕೆ ಬಿಲ್ಲು ಬರೆಯಲಿ. ಕೊಳ್ಳುವವರೂ ಬಿಲ್ಲು ಕೇಳಿ ಪಡೆಯಲಿ. ವ್ಯಾಪಾರಕ್ಕಾಗಿ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿಯೇ ಕೊಂಡವರನ್ನು ಗ್ರಾಹಕರೆಂದೇ ಒಪ್ಪುತ್ತದೆ. ತನ್ನ ಒಂದೇ ಲಾರಿಯನ್ನು ತಾನೇ ಓಡಿಸುವವನು ದೋಷದ ಮಾಲಿನ ಬಗ್ಗೆ ದೂರು ಕೊಡುವಾಗ ಕೈಯಲ್ಲಿ ಬಿಲ್ಲು ಇದ್ದರೆ ಮಾತಿಗೆ ತೂಕ.

ಗ್ಯಾರೇಜಿನವರು ಒಬ್ಬೊಬ್ಬರಿಗೆ ಆಗದಿದ್ದರೆ ನಾಲ್ವರು ಕೂಡಿ ಒಂದು ಒಳ್ಳೆಯ ಟಾರ್ಕ್ ರೆಂಚು ತರಲಿ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಗತಿ ಇದ್ದೇ ಇದೆ. ಗ್ಯಾರೇಜಿನಲ್ಲಿ ದುಡಿಯುವ ಹುಡುಗರಿಗೆ ಸಂಜೆ ಹೊತ್ತು ನಾಲ್ಕು ದಿನ ಈ ವಿದ್ಯೆ ಹೇಳಿಕೊಟ್ಟರೆ ಸರಕಾರದ ಗಂಟೇನೂ ಹೋಗದು.

ಸಣ್ಣದೆಂದು ಬೋಲ್ಟನ್ನು ಕಡೆಗಣಿಸಿದ ಲಾರಿ ಹತ್ತಾರು ಅಂಗಡಿಯ ಮಾಲನ್ನೂ ಬಸ್ಸಿನ ಜನರನ್ನೂ ಬಿಸಿಲಿಗೆ ನಿಲ್ಲಿಸುತ್ತದೆ. ಮುಂದಿನ ಬೇಸಿಗೆ ಬರುವುದರೊಳಗಾದರೂ ಮಾಲಕರು, ಮಿಸ್ತ್ರಿಗಳು, ಅಂಗಡಿಕಾರರು ಇತ್ತ ಗಮನ ಹರಿಸುವರೇ?