ಬೆಲೆ ಬಿದ್ದ ತಟ್ಟೆಗಳ ಪರವಾಗಿ

ಡೆನ್ಮಾರ್ಕಿನ ನೀಲಿ ಪಿಂಗಾಣಿಯ ಕ್ರಿಸ್‌ಮಸ್ ತಟ್ಟೆಗಳಿಗೆ ಈಗ ಗಿರಾಕಿಗಳಿಲ್ಲ ಎಂಬ ಮಾತು ಸಂಗ್ರಾಹಕರ ವಲಯದಲ್ಲಿ ಹಳತಾಗಿದೆ. ವರ್ಷಕ್ಕೊಂದರಂತೆ ಹೊರಬರುವ ಈ ಗೋಡೆತಟ್ಟೆಗಳನ್ನು ಹಿರಿಯರು ದಶಕಗಳ ಕಾಲ ಕೂಡಿಟ್ಟರು. ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಅವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಹಳೆಯ ಸಾಮಾನಿನ ಅಂಗಡಿಗೆ ಒಯ್ದರೆ ಅಂಗಡಿಯವನು ಕೈಯಾಡಿಸಿಬಿಡುತ್ತಾನೆ. 1970ರ ದಶಕದ ತಟ್ಟೆಯೊಂದು ಅಮೆರಿಕದಲ್ಲಿ ಇಂದು ಕೆಲವೇ ಡಾಲರಿಗೆ ಸಿಗುತ್ತದೆ; ಅದನ್ನು ಕಳುಹಿಸುವ ಅಂಚೆಯ ಖರ್ಚು ಅದಕ್ಕಿಂತ ಹೆಚ್ಚು. ಇಷ್ಟನ್ನು ಕೇಳಿದೊಡನೆ ಬುದ್ಧಿವಂತರು ತೀರ್ಪು ಕೊಡುತ್ತಾರೆ: ಇದು ಮೋಸಹೋದವರ ಹವ್ಯಾಸ.

ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಬೆಲೆ ಬಿದ್ದದ್ದು ನಿಜ. ಬೆಲೆ ಬಿದ್ದದ್ದರಿಂದ ತಟ್ಟೆ ಕಸವಾಯಿತು ಎನ್ನುವುದು ಮಾತ್ರ ಸುಳ್ಳು. ಅಷ್ಟೇ ಅಲ್ಲ, ಈ ತಟ್ಟೆಗಳಿಗೆ ಕಳೆದ ನೂರು ವರ್ಷಗಳಲ್ಲಿ ಒದಗಿದ ಅತ್ಯಂತ ಒಳ್ಳೆಯ ಗತಿ ಈ ಬೆಲೆಯ ಕುಸಿತವೇ ಎಂದು ನಾವು ವಾದಿಸುತ್ತೇವೆ. ಅಳೆಯಬಾರದ ಕೋಲಿನಿಂದ ಅಳೆದವರು ಈಗ ಆ ಕೋಲನ್ನು ಎಸೆದು ಹೋಗಿದ್ದಾರೆ; ಇನ್ನಾದರೂ ವಸ್ತುವನ್ನು ವಸ್ತುವಾಗಿ ನೋಡಬಹುದು.

ಮೊದಲು ಸಂಗತಿಗಳು. 1853ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪನೆಯಾದ ಬಿಂಗ್ ಮತ್ತು ಗ್ರೋಂಡಾಲ್ ಕಾರ್ಖಾನೆ 1895ರಲ್ಲಿ ತನ್ನ ಮೊದಲ ಕ್ರಿಸ್‌ಮಸ್ ತಟ್ಟೆಯನ್ನು ಹೊರತಂದಿತು. ರಚಿಸಿದ ಕಲಾವಿದ ಫ್ರಾನ್ಸ್ ಆಗಸ್ಟ್ ಹಾಲಿನ್. ಹಿಮ ಹೆಪ್ಪುಗಟ್ಟಿದ ಕಿಟಕಿಯ ಗಾಜು, ಅದರಾಚೆಗೆ ನಗರದ ಗೋಪುರಗಳು: ಚಿತ್ರ ಇಷ್ಟೇ. ತಯಾರಾದದ್ದು ಸುಮಾರು 400 ತಟ್ಟೆಗಳು. ಆ ವರ್ಷದ ಅಚ್ಚನ್ನು ಮತ್ತೆ ಬಳಸದಂತೆ ಒಡೆದುಹಾಕಿದರು. ಮುಂದೆ ಅದೇ ಸಂಪ್ರದಾಯವಾಯಿತು. 1775ರಲ್ಲಿ ರಾಣಿ ಯೂಲಿಯಾನ ಮರಿಯಳ ಆಶ್ರಯದಲ್ಲಿ ಆರಂಭವಾಗಿದ್ದ ರಾಯಲ್ ಕೋಪನ್‌ಹೇಗನ್ 1908ರಲ್ಲಿ ತನ್ನದೇ ಸರಣಿಯನ್ನು ಮೇರಿ ಮತ್ತು ಶಿಶುವಿನ ಚಿತ್ರದೊಂದಿಗೆ ಶುರುಮಾಡಿತು. 1987ರಲ್ಲಿ ಎರಡು ಸಂಸ್ಥೆಗಳು ಒಂದಾದವು. ಸರಣಿಗಳು ಮಾತ್ರ ಬೇರೆಬೇರೆಯಾಗಿಯೇ ಮುಂದುವರಿದವು. ಎರಡು ಮಹಾಯುದ್ಧಗಳು ಬಂದುಹೋದವು. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ಆ ವರ್ಷವೂ ತಟ್ಟೆ ಬಂತು. ಬಿಡುಗಡೆಯಾದ 1945ರಲ್ಲೂ ಬಂತು.

ತಟ್ಟೆಯ ಅಗಲ ಸುಮಾರು 18 ಸೆಂಟಿಮೀಟರ್. ಚಿತ್ರದ ಉಬ್ಬುತಗ್ಗುಗಳು ಅಚ್ಚಿನಿಂದಲೇ ಬರುತ್ತವೆ. ಒಮ್ಮೆ ಸುಟ್ಟ ಬಿಳಿಯ ಮೈಯ ಮೇಲೆ ಕೋಬಾಲ್ಟ್ ಬಣ್ಣವನ್ನು ತೆಳುವಾಗಿಯೂ ದಟ್ಟವಾಗಿಯೂ ಹಚ್ಚಿ, ಅದರ ಮೇಲೆ ಗಾಜಿನಂಥ ಲೇಪ ಕೊಟ್ಟು, ಮತ್ತೆ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಅಷ್ಟು ಕಾವಿನಲ್ಲಿ ಬದುಕುಳಿಯುವ ಬಣ್ಣಗಳು ಕೆಲವೇ. ಅವುಗಳಲ್ಲಿ ಕೋಬಾಲ್ಟ್ ಮುಖ್ಯವಾದದ್ದು. ಆದ್ದರಿಂದ ಈ ನೀಲಿ ಕೇವಲ ಅಲಂಕಾರದ ಆಯ್ಕೆಯಲ್ಲ. ಬೆಂಕಿ ಒಪ್ಪಿಕೊಂಡ ಬಣ್ಣ. ಆವಿಗೆಗೆ ಹೋಗುವ ಮುನ್ನ ಮಂಕಾಗಿ ಕಾಣುವುದು ಹೊರಬಂದಾಗ ಮುಸ್ಸಂಜೆಯ ಹಿಮವಾಗಿರುತ್ತದೆ. ತಟ್ಟೆಯ ಹಿಂಬದಿಯ ಪಾದದಂಚಿನಲ್ಲಿ ದಾರ ಪೋಣಿಸಲು ಎರಡು ರಂಧ್ರಗಳಿರುತ್ತವೆ. ಮುಂಬದಿಯಲ್ಲಿ ಆ ವರ್ಷದ ಅಂಕಿ.

ಆ ಅಂಕಿಯೇ ನಮ್ಮ ವಾದದ ಕೇಂದ್ರ. ತಟ್ಟೆಯ ಚಿತ್ರಗಳು ಸಾಧಾರಣವಾದವು: ಹಿಮದಲ್ಲಿ ನಿಂತ ಚರ್ಚು, ಬಂದರಿನ ಹಡಗು, ಗುಬ್ಬಚ್ಚಿಗಳು, ಮನೆಗೆ ಮರಳುವ ಜನ. ರಾಜರ ಪಟ್ಟಾಭಿಷೇಕವಿಲ್ಲ, ಯುದ್ಧದ ಜಯಭೇರಿಯಿಲ್ಲ. ಒಂದು ಸಣ್ಣ ದೇಶ ವರ್ಷದ ಕೊನೆಯಲ್ಲಿ ತನ್ನ ದಿನನಿತ್ಯದ ನೋಟವೊಂದನ್ನು ಆರಿಸಿ, ಅದರ ಮೇಲೆ ಇಸವಿ ಬರೆದು, ಅಚ್ಚನ್ನು ಒಡೆಯುತ್ತದೆ. ಆ ವರ್ಷ ಮುಗಿಯಿತು, ಅದು ಮರಳಿ ಬಾರದು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವ ವಸ್ತುವನ್ನು ನಾವು ಕಂಡಿಲ್ಲ.

ಇಲ್ಲಿ ನಮ್ಮ ಎದುರಾಳಿಗಳು ನಗುತ್ತಾರೆ. ಅಚ್ಚು ಒಡೆಯುವುದು ವ್ಯಾಪಾರಿಯ ಉಪಾಯ, ಕೊರತೆಯನ್ನು ಹುಟ್ಟಿಸಿ ಬೇಡಿಕೆ ಬೆಳೆಸುವ ತಂತ್ರ, ಅದಕ್ಕೇಕೆ ವೇದಾಂತ ಹಚ್ಚುತ್ತೀರಿ ಎನ್ನುತ್ತಾರೆ. ಕಾರ್ಖಾನೆ ಧರ್ಮಛತ್ರವಲ್ಲ ಎಂಬುದು ನಮಗೂ ಗೊತ್ತು. ಒಂದು ಕೃತ್ಯಕ್ಕೆ ಎರಡು ಅರ್ಥಗಳಿರಬಹುದು. ಮಾಡಿದವನ ಉದ್ದೇಶವೊಂದು, ಮನೆಗೆ ತಂದವನ ಬಳಕೆ ಇನ್ನೊಂದು. ಪಂಚಾಂಗ ಮುದ್ರಿಸುವವನೂ ಲಾಭಕ್ಕಾಗಿಯೇ ಮುದ್ರಿಸುತ್ತಾನೆ. ಅದರಿಂದ ಯುಗಾದಿಯ ದಿನದ ಪಂಚಾಂಗ ಶ್ರವಣ ಸುಳ್ಳಾಗುವುದಿಲ್ಲ.

ಮೋಸ ನಡೆದದ್ದು ಬೇರೆ ಕಡೆ. 1969ರಲ್ಲಿ ಬಿಂಗ್ ಮತ್ತು ಗ್ರೋಂಡಾಲ್ ತಾಯಂದಿರ ದಿನದ ತಟ್ಟೆಯನ್ನು ಆರಂಭಿಸಿತು. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ತಟ್ಟೆ ಸಂಗ್ರಹದ ಹುಚ್ಚು ಏರತೊಡಗಿತ್ತು. 1973ರಲ್ಲಿ ಅಲ್ಲಿ ಬ್ರಾಡ್‌ಫರ್ಡ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಹುಟ್ಟಿ, ಷೇರುಪೇಟೆಯಂತೆ ತಟ್ಟೆಗಳಿಗೂ ದರಪಟ್ಟಿ ಪ್ರಕಟಿಸತೊಡಗಿತು. ಮುಂದೆ ಬಂದ ಎಷ್ಟೋ ಕಂಪನಿಗಳ ತಟ್ಟೆಗಳ ಬೆನ್ನಿನ ಮೇಲೆ ‘ಸೀಮಿತ ಆವೃತ್ತಿ’ ಎಂಬ ಮಾತಿನ ಜೊತೆಗೆ, 150 ದಿನಗಳ ಸುಡುವಿಕೆಗೆ ಮಾತ್ರ ಸೀಮಿತ ಎಂಬ ವಿವರಣೆಯೂ ಕಾಣಿಸಿಕೊಂಡಿತು. ಓದುಗರು ಈ ಪದಪ್ರಯೋಗವನ್ನು ನಿಧಾನವಾಗಿ ಗಮನಿಸಬೇಕು. ಸೀಮಿತವಾದದ್ದು ದಿನಗಳು; ದಿನಕ್ಕೆ ಎಷ್ಟು ತಟ್ಟೆ ಎಂಬುದಕ್ಕೆ ಮಿತಿಯಿಲ್ಲ. ಕಡತಗಳ ಭಾಷೆಯಲ್ಲಿ ಬದುಕುವ ನಮ್ಮಂಥ ಸರಕಾರಿ ನೌಕರರಿಗೂ ಇಂಥ ನುಣುಪು ವಾಕ್ಯವನ್ನು ಬರೆಯುವುದು ಕಷ್ಟ.

ಹೀಗೆ ವರ್ಷವನ್ನು ಕಾಯುತ್ತಿದ್ದ ತಟ್ಟೆ ಲಾಭವನ್ನು ಕಾಯುವ ಕಾಗದಪತ್ರವಾಯಿತು. ಕೊಂಡವರು ಅದನ್ನು ಗೋಡೆಗೆ ಹಾಕಲಿಲ್ಲ. ಮೂಲ ಪೆಟ್ಟಿಗೆಯಲ್ಲಿ, ಮೂಲ ಪ್ರಮಾಣಪತ್ರದೊಂದಿಗೆ, ಕಪಾಟಿನ ಮೇಲಟ್ಟದಲ್ಲಿ ಇಟ್ಟರು. ಮುಕ್ಕಾಗದ, ಬಳಕೆಯಾಗದ, ಯಾರೂ ನೋಡದ ತಟ್ಟೆಗೇ ಪೂರ್ಣ ಬೆಲೆ ಎಂಬುದು ಪೇಟೆಯ ನಿಯಮ. ಎಲ್ಲರೂ ಹಾಗೆಯೇ ಜೋಪಾನ ಮಾಡಿದ್ದರಿಂದ ತಟ್ಟೆಗಳೆಲ್ಲ ಉಳಿದವು. ಎಲ್ಲವೂ ಉಳಿದದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಹಿಡಿದಿಟ್ಟವರೆಲ್ಲ ಒಟ್ಟಿಗೆ ಮಾರಲು ಹೊರಟಾಗ ದರ ನೆಲ ಕಚ್ಚಿತು. ಇದರಲ್ಲಿ ತಟ್ಟೆಯ ಅಪರಾಧವೇನು?

ಪುಣೆಯಲ್ಲಿ ನಾವು ಬಲ್ಲ ಹಿರಿಯರೊಬ್ಬರು ಮೂವತ್ತಕ್ಕೂ ಹೆಚ್ಚು ತಟ್ಟೆಗಳನ್ನು ಕೂಡಿಸಿದ್ದರು. ಅವರು ತೀರಿಕೊಂಡಾಗ ವಿದೇಶದಿಂದ ಬಂದ ಮಗ ಫೋನಿನಲ್ಲಿ ದರ ಹುಡುಕಿ ನೋಡಿ, ಎರಡು ಗೋಣಿಚೀಲಗಳಲ್ಲಿ ತುಂಬಿ ಗುಜರಿಯವನಿಗೆ ಕೊಟ್ಟ. ಅವುಗಳಲ್ಲಿ ಒಂದು ಆತ ಹುಟ್ಟಿದ ವರ್ಷದ್ದು. ಅವರು ಆ ಸಂಗ್ರಹವನ್ನು ಶುರುಮಾಡಿದ್ದೇ ಅದರಿಂದ. ಮಗನಿಗೆ ಅದು ತಿಳಿದಿರಲಿಲ್ಲ. ತಂದೆ ಹೇಳಿರಲಿಲ್ಲ, ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಯಾವ ತಟ್ಟೆಗೆ ಈಗ ಎಷ್ಟು ಬೆಲೆಯಾಗಿದೆ ಎಂದು. ಮಗನನ್ನು ದೂರುವವರನ್ನು ನಾವು ಕೇಳುವುದು ಇಷ್ಟೇ: ಮನೆಯಲ್ಲಿ ಬೆಲೆಯ ಮಾತನ್ನಷ್ಟೇ ಕೇಳುತ್ತ ಬೆಳೆದವನು ಬೆಲೆಯನ್ನಲ್ಲದೆ ಇನ್ನೇನನ್ನು ನೋಡಬೇಕಿತ್ತು?

ಎರಡನೆಯ ಆಕ್ಷೇಪ ಕಲಾವಿಮರ್ಶಕರದು. ಅಚ್ಚಿನಲ್ಲಿ ಎರಕವಾಗುವ ತಟ್ಟೆ ಕಲೆಯಲ್ಲ, ಭಾವುಕರ ಮನೆಯಲಂಕಾರ ಎನ್ನುತ್ತಾರೆ ಅವರು. ಎಲ್ಲ ತಟ್ಟೆಗಳೂ ಒಂದೇ ಮಟ್ಟದವಲ್ಲ ಎಂಬುದನ್ನು ಒಪ್ಪೋಣ. ಕೆಲವು ವರ್ಷಗಳ ಚಿತ್ರಗಳು ಶುಭಾಶಯಪತ್ರದ ಮಟ್ಟದಲ್ಲೇ ನಿಲ್ಲುತ್ತವೆ. ಆದರೆ ಈ ಕಲೆಯ ಬೆನ್ನಿಗೆ ಇರುವ ಪರಂಪರೆ ಹಗುರವಾದದ್ದಲ್ಲ. 1885ರಲ್ಲಿ ರಾಯಲ್ ಕೋಪನ್‌ಹೇಗನ್ನಿನ ಕಲಾನಿರ್ದೇಶಕನಾದ ಆರ್ನಾಲ್ಡ್ ಕ್ರೋಗ್, ಲೇಪದ ಕೆಳಗಿನ ಚಿತ್ರಣವನ್ನು ಜಪಾನೀ ಕಲೆಯಿಂದ ಕಲಿತ ಸಂಯಮದೊಂದಿಗೆ ಬೆಳೆಸಿದ. ಒಂದೇ ಬಣ್ಣದಲ್ಲಿ ದೂರ, ಮಂಜು, ರಾತ್ರಿಗಳನ್ನು ತೋರಿಸುವ ಆ ವಿದ್ಯೆಯೇ ತಟ್ಟೆಗಳಿಗೂ ಇಳಿದುಬಂದಿತು. ಒಳ್ಳೆಯ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದವರು ‘ಮನೆಯಲಂಕಾರ’ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸುವುದಿಲ್ಲ.

ಮೂರನೆಯ ಆಕ್ಷೇಪ ನಮ್ಮವರದೇ. ಎಲ್ಲಿಯದೋ ಹಿಮ, ಯಾರದೋ ಹಬ್ಬ. ಮುಂಬಯಿಯಲ್ಲೋ ಚೆನ್ನೈಯಲ್ಲೋ ಕುಳಿತ ಕನ್ನಡಿಗರಿಗೆ ಇದೇಕೆ? ಚೆನ್ನೈಯ ಓದುಗರು ಒಮ್ಮೆ ತರಂಗಂಬಾಡಿಗೆ ಹೋಗಿಬರಲಿ. 1620ರಿಂದ 1845ರವರೆಗೆ ಅದು ಡೇನರ ವಸಾಹತಾಗಿತ್ತು. ಅವರು ಕಟ್ಟಿದ ಕೋಟೆ ಇಂದಿಗೂ ಸಮುದ್ರಕ್ಕೆ ಮುಖಮಾಡಿ ನಿಂತಿದೆ. ಡೇನರ ನೀಲಿಯೂ ಅವರೊಬ್ಬರದೇ ಅಲ್ಲ. ರಾಯಲ್ ಕೋಪನ್‌ಹೇಗನ್ನಿನ ಮೊತ್ತಮೊದಲ ನೀಲಿ ವಿನ್ಯಾಸಕ್ಕೆ ಮಾದರಿಯಾದದ್ದು ಚೀನದ ಪಿಂಗಾಣಿ. ಏಷ್ಯದ ಬಣ್ಣವೊಂದು ಯುರೋಪಿಗೆ ಹೋಗಿ, ಅಲ್ಲಿಯ ಚಳಿಗಾಲವನ್ನು ತೋರಿಸಲು ಕಲಿತಿದೆ. ಅದನ್ನು ನಾವು ಮುಂಬಯಿಯ ಗೋಡೆಯ ಮೇಲೆ ನೋಡಿದರೆ ಯಾವ ಮೈಲಿಗೆ?

ಇನ್ನು ವರ್ಷಕ್ಕೊಂದು ವಸ್ತುವನ್ನು ಸೇರಿಸುತ್ತ ಹೋಗುವ ಕ್ರಮವನ್ನು ನಮಗೆ ಡೇನರು ಹೇಳಿಕೊಡಬೇಕಾಗಿಲ್ಲ. ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಪ್ರತಿವರ್ಷ ಒಂದಾದರೂ ಹೊಸ ಬೊಂಬೆ ಬರಬೇಕೆಂಬ ರೂಢಿಯುಂಟು. ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆಗಳಿಂದ ಹಿಡಿದು ಮೊನ್ನೆ ಕೊಂಡ ಮಣ್ಣಿನ ಶೆಟ್ಟರವರೆಗೆ ಮೆಟ್ಟಿಲ ಮೇಲೆ ಸಂಸಾರದ ಇತಿಹಾಸವೇ ಕೂತಿರುತ್ತದೆ. ಬೊಂಬೆ ನೋಡಲು ಬಂದ ಯಾವ ಹೆಂಗಸೂ ಇದಕ್ಕೆ ಈಗಿನ ಪೇಟೆಯಲ್ಲಿ ಎಷ್ಟು ಬರುತ್ತದೆ ಎಂದು ಕೇಳುವುದಿಲ್ಲ. ಇದು ಯಾವ ವರ್ಷದ್ದಮ್ಮ ಎಂದು ಕೇಳುತ್ತಾಳೆ. ಅದೇ ಸರಿಯಾದ ಪ್ರಶ್ನೆ. ತಟ್ಟೆಗೂ ಅದೇ ಪ್ರಶ್ನೆ ಸಲ್ಲುತ್ತದೆ.

ನಮ್ಮ ಸಹಸಂಗ್ರಾಹಕರೊಂದಿಗೂ ನಮಗೆ ಜಗಳವಿದೆ. 1895ರಿಂದ ಇಂದಿನವರೆಗೆ ಒಂದೂ ಬಿಡದಂತೆ ಸರಣಿಯನ್ನು ಪೂರ್ಣಗೊಳಿಸಬೇಕೆಂಬ ಹಟ ಅವರದು. ಮೊದಲ ವರ್ಷದ ತಟ್ಟೆಗೆ ಇಂದಿಗೂ ಸಾವಿರಾರು ಡಾಲರ್ ತೆರಬೇಕು. ಪೇಟೆ ಕುಸಿದರೂ ಅದರ ಸೊಕ್ಕು ಮುರಿದಿಲ್ಲ. ನೂರಮೂವತ್ತು ವರ್ಷಗಳ ತಟ್ಟೆಗಳನ್ನು ಸಾಲಾಗಿ ಜೋಡಿಸಿದವನ ಬಳಿ ಕಾರ್ಖಾನೆಯ ಪಟ್ಟಿ ಇರುತ್ತದೆಯೇ ಹೊರತು ಅವನ ಬದುಕು ಇರುವುದಿಲ್ಲ. ಮೂರುನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ, ಸರಕಾರಿ ವಸತಿಗೃಹದ ಗೋಡೆಗೆ ಮೊಳೆ ಹೊಡೆಯಲೂ ಯೋಚಿಸಬೇಕಾದ ನಮ್ಮಂಥವರಿಗೆ ಏಳೆಂಟು ತಟ್ಟೆಗಳು ಸಾಕು. ಹುಟ್ಟಿದ ವರ್ಷ, ಊರು ಬಿಟ್ಟ ವರ್ಷ, ಮದುವೆಯಾದ ವರ್ಷ, ಮಗು ಬಂದ ವರ್ಷ, ತಾಯಿ ಹೋದ ವರ್ಷ. ಅವನ್ನು ಬೆಲೆಯಿಲ್ಲದ ಈ ಕಾಲದಲ್ಲಿ ಸಾಮಾನ್ಯ ಸಂಬಳದಿಂದಲೇ ಕೊಳ್ಳಬಹುದು. ಬೆಲೆಯ ಕುಸಿತದ ಉಪಕಾರವೆಂದರೆ ಇದೇ.

ಮುಕ್ಕಾದ ತಟ್ಟೆಯನ್ನೂ ತಿರಸ್ಕರಿಸಬೇಕಾಗಿಲ್ಲ. ಡೆನ್ಮಾರ್ಕಿನವನೇ ಆದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1845ರಲ್ಲಿ ಪಿಂಗಾಣಿ ಬೊಂಬೆಗಳ ಕತೆಯೊಂದನ್ನು ಬರೆದ. ಕುರಿ ಕಾಯುವ ಹುಡುಗಿಯನ್ನು ಒಲ್ಲದವನಿಗೆ ಕೊಡಲು ತಲೆಯಾಡಿಸಿ ಒಪ್ಪುವ ಮುದುಕ ಬೊಂಬೆ ಬಿದ್ದು ಒಡೆಯುತ್ತದೆ. ಬೆಸೆದ ಮೇಲೆ ಅದಕ್ಕೆ ತಲೆಯಾಡಿಸಲಾಗುವುದಿಲ್ಲ, ಹಾಗಾಗಿ ಹುಡುಗಿ ತಾನು ಒಲಿದವನ ಜೊತೆಗೇ ಉಳಿಯುತ್ತಾಳೆ. ಪೇಟೆಯ ಲೆಕ್ಕದಲ್ಲಿ ಆ ಬೊಂಬೆ ನಿಷ್ಪ್ರಯೋಜಕ. ಕತೆಯಲ್ಲಿ ಆ ಬೆಸುಗೆಯೇ ಇಬ್ಬರನ್ನು ಉಳಿಸಿತು. ವರ್ಗಾವಣೆಯ ಲಾರಿಯಲ್ಲಿ ಅಂಚು ಮುಕ್ಕಾದ ತಟ್ಟೆಗೆ ಮಾರುವ ಯೋಗ್ಯತೆ ಹೋಯಿತು. ಇನ್ನು ಅದು ಎಲ್ಲಿಗೂ ಹೋಗುವುದಿಲ್ಲ, ನಮ್ಮದೇ ಆಗಿರುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಇಂಥ ತಟ್ಟೆಯೋ, ಬೊಂಬೆಯೋ, ಪುಸ್ತಕವೋ, ಏನನ್ನೇ ಕೂಡಿಸುತ್ತಿರುವವರು ಅದರ ಹಿಂದೆ ಒಂದು ಚೀಟಿ ಅಂಟಿಸಲಿ: ಯಾವ ವರ್ಷ, ಯಾರ ನೆನಪು, ಯಾವ ಊರಿನಲ್ಲಿದ್ದಾಗ ಕೊಂಡದ್ದು. ಕನ್ನಡದಲ್ಲಿ ಬರೆಯಲಿ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದನ್ನು ಓದಲು ಬರಲೂಬಹುದು, ಬಾರದಿರಲೂಬಹುದು. ಬಾರದಿದ್ದರೆ ಅವರು ಯಾರನ್ನಾದರೂ ಕೇಳಿ ಓದಿಸಿಕೊಳ್ಳಲಿ. ದರಪಟ್ಟಿಯನ್ನು ನೋಡುವ ಮೊದಲು ಅಷ್ಟು ಮಾಡಿದರೆ ಸಾಕು.