ಕನ್ನಡದ ಸಂದೇಶಕ್ಕೆ ಇಮ್ಮಡಿ ದರವೇಕೆ?

ಮೊಬೈಲ್ ಫೋನನ್ನೋ ಮೋಡೆಮನ್ನೋ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿನ ಹೆಸರು, ಸಂಖ್ಯೆಗಳನ್ನು ಕಾದಿರಿಸುವ, ಸಂದೇಶಗಳನ್ನು ಓದುವ, ಕಳುಹಿಸುವ ತಂತ್ರಾಂಶಗಳು ಬಂದು ಎರಡು ದಶಕಗಳೇ ಸಂದಿವೆ. ‘ಗಮ್ಮು’ ಎಂಬ ಮುಕ್ತ ತಂತ್ರಾಂಶ ಇವುಗಳಲ್ಲೊಂದು. 2005ರಲ್ಲಿ ಕೆನ್ ಬ್ಯಾಂಕ್ಸ್ ರೂಪಿಸಿದ ‘ಫ್ರಂಟ್‌ಲೈನ್ ಎಸ್ಸೆಮ್ಮೆಸ್’ ಇನ್ನೊಂದು. ಅಂತರ್ಜಾಲವಿಲ್ಲದ ಊರಿನ ಸಣ್ಣ ಸಂಸ್ಥೆಯೂ ತನ್ನ ಸದಸ್ಯರಿಗೆ ತಾನೇ ಸುದ್ದಿ ಮುಟ್ಟಿಸಬಲ್ಲದು ಎಂಬುದು ಇವು ಮೂಡಿಸಿದ ಭರವಸೆ.

ಕನ್ನಡದ ಮಟ್ಟಿಗೆ ಈ ಭರವಸೆ ಅರ್ಧಕ್ಕೇ ನಿಂತಿದೆ. ಒಂದು ಎಸ್ಸೆಮ್ಮೆಸ್ಸಿನ ಒಡಲು 140 ಬೈಟ್ ಮಾತ್ರ. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರಗಳು ಹಿಡಿಸುತ್ತವೆ. ಯೂನಿಕೋಡ್ ಕನ್ನಡಕ್ಕೆ 16 ಬಿಟ್ ಬೇಕಾದ್ದರಿಂದ 70 ಸಂಕೇತಗಳಷ್ಟೇ. ಗುಣಿತ, ಒತ್ತು, ಅನುಸ್ವಾರಗಳಿಗೂ ಪ್ರತ್ಯೇಕ ಲೆಕ್ಕ. ‘ಹಂಸಭಾವಿ’ ನಮ್ಮ ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಏಳು.

ಹಾವೇರಿ ಜಿಲ್ಲೆಯ ಆ ಊರಿನ ಸಹಕಾರಿ ಸಂಘವೊಂದು ಬಿತ್ತನೆ ಬೀಜ ಬಂದಿರುವುದನ್ನು ರೈತರಿಗೆ ಕನ್ನಡದಲ್ಲಿ ತಿಳಿಸಹೊರಟಿತೆನ್ನೋಣ. ನೂರು ಸಂಕೇತಗಳಾದರೆ ಸಂದೇಶ ಎರಡು ತುಣುಕಾಗುತ್ತದೆ, ಖರ್ಚೂ ಇಮ್ಮಡಿಯಾಗುತ್ತದೆ. ಟ್ರಾಯ್‌ನ 2018ರ ನಿಯಮಾವಳಿಯ ಅನಂತರ ಸಂಸ್ಥೆಗಳ ಸಗಟು ಸಂದೇಶಗಳು ನೋಂದಾಯಿತ ಹಾದಿಯಲ್ಲೇ ಸಾಗಬೇಕು. ಅಲ್ಲಿಯೂ ಲೆಕ್ಕ ತುಣುಕಿನದೇ. ಹೀಗಿರುವಾಗ ಲೆಕ್ಕಿಗ ಇಂಗ್ಲಿಷಿಗೆ ಶರಣಾದರೆ ಅದನ್ನು ಭಾಷಾದ್ರೋಹ ಎನ್ನಲಾಗದು.

ಪರಿಹಾರ ಇಲ್ಲದಿಲ್ಲ. ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ 7 ಬಿಟ್‌ನ ಕೋಷ್ಟಕಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಮಾನಕವು ವರ್ಷಗಳ ಹಿಂದೆಯೇ ಒದಗಿಸಿದೆ. ಅವುಗಳನ್ನು ಬಳಸಿದರೆ ಸುಮಾರು 150 ಸಂಕೇತಗಳು ಒಂದೇ ಸಂದೇಶದಲ್ಲಿ ಹಿಡಿಸುತ್ತವೆ. ಆದರೆ ಕಳುಹಿಸುವ ತಂತ್ರಾಂಶ ಮತ್ತು ಓದುವ ಫೋನ್ ಎರಡೂ ಅವನ್ನು ಅರಿತಿರಬೇಕು.

ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲಿರುವಾಗ ಎಸ್ಸೆಮ್ಮೆಸ್ಸಿನ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಗುಂಡಿಯೊತ್ತುವ ಸಾದಾ ಫೋನು ಹಿಡಿದ ರೈತನಿಗೂ, ಡೇಟಾ ಮುಗಿದ ಕೂಲಿಕಾರನಿಗೂ ಇಂದಿಗೂ ತಲುಪುವುದು ಎಸ್ಸೆಮ್ಮೆಸ್ಸೇ. ಭಾರತೀಯ ಮಾನಕ ಸಂಸ್ಥೆಯ 2016ರ ಮಾನಕವು 22 ಭಾಷೆಗಳ ಸಂದೇಶಗಳನ್ನು ಓದುವ ಸೌಲಭ್ಯ ಫೋನಿನಲ್ಲಿರಬೇಕೆಂದು ವಿಧಿಸಿತು. ಓದುವ ಹಕ್ಕನ್ನು ಒಪ್ಪಿದ ಮೇಲೆ, ಬರೆಯುವವನ ಮೇಲೆ ದಂಡ ಹೇರುವುದು ನ್ಯಾಯವಲ್ಲ.

ಕೋಷ್ಟಕಗಳು ಬಳಕೆಗೆ ಬರುವವರೆಗೆ, ಇಂಗ್ಲಿಷಿನ ಒಂದು ಸಂದೇಶದ ದರಕ್ಕೇ ಕನ್ನಡದ ಎರಡು ತುಣುಕುಗಳು ಸಲ್ಲುವಂತೆ ಟ್ರಾಯ್ ಕಟ್ಟುಪಾಡು ವಿಧಿಸಲಿ. ರಾಜ್ಯ ಸರ್ಕಾರವೂ ತನ್ನ ಸಂದೇಶ ಸೇವೆಯ ಟೆಂಡರುಗಳಲ್ಲಿ ಈ ಷರತ್ತನ್ನು ಸೇರಿಸಲಿ. ಕನ್ನಡ ಬಳಸಿ ಎಂಬ ಸುತ್ತೋಲೆಗಿಂತ ಇದು ಹೆಚ್ಚು ಕೆಲಸ ಮಾಡೀತು.